ಸೋವಿದವರ ಚರಿತ್ರೆ: ಬೇಟೆ, ಕೋವಿ, ಜಾತಿ

1

ನಮ್ಮಜ್ಜ ಬೇಟೆಗಾರನಲ್ಲ. ಆದರೆ ಪ್ರಾಯದಲ್ಲಿ ಅವನು ಬೇಟೆಗೆ ಹೋಗದ ವರ್ಷವಿಲ್ಲ. ಜಗಳೂರು ಸೀಮೆಯ ನಮ್ಮೂರಲ್ಲಿ ಯುಗಾದಿ ಆದ ಮೇಲೆ ಊರಿಗೂರೇ ಬೇಟೆಗೆ ಹೊರಡುತ್ತಿತ್ತು. ಗೌಡರ ಮನೆಯಿಂದ ಕೇಪಿನ ಕೋವಿ ಬರುತ್ತಿತ್ತು. ನಾಯಕರ ಹುಡುಗರು ಭರ್ಜಿ, ಬಲೆ, ನಾಯಿ ತರುತ್ತಿದ್ದರು. ಇವರೆಲ್ಲರಿಗಿಂತ ಮುಂಚೆ ಕೇರಿಯ ಹಲಗೆಯವರು ಪೊದೆಯ ಅಂಚಿಗೆ ಹೋಗಿ ನಿಂತಿರಬೇಕಿತ್ತು. "ನಾವು ಹಲಗಿ ಬಡ್ಕಂತ ಪದೆ ಒಳಗೆ ನುಗ್ಗಾದು, ಕೋವಿ ಹಿಡದೋರು ಆಚಿ ಕಡೆ ಮರದ ಮರಿಗೆ ನಿಂತಿರಾದು. ಹಂದಿ ತಿರುಗಿ ಬಿತ್ತು ಅಂದ್ರೆ ನಮ್ ಮ್ಯಾಲೆ. ಸತ್ತು ಬಿತ್ತು ಅಂದ್ರೆ ಹೆಸರು ಅವ್ರುದ್ದು" ಎನ್ನುತ್ತಿದ್ದ ಅಜ್ಜ. ತೊಡೆಯ ಮೇಲೆ ಕೋರೆ ಸೀಳಿದ ಕಲೆ ಇತ್ತು. ಅದನ್ನು ತೋರಿಸುವಾಗ ಅವನ ಮುಖದಲ್ಲಿ ಹೆಮ್ಮೆಯೂ ಇರುತ್ತಿತ್ತು, ಸಿಟ್ಟೂ ಇರುತ್ತಿತ್ತು.

ಬೇಟೆ ಬಿದ್ದ ಮೇಲೆ ಪಾಲು. ಹೊಡೆದವನಿಗೆ ತಲೆ, ಊರ ದೇವರ ಹೆಸರಲ್ಲಿ ಒಂದು ಪಾಲು, ನಾಯಿ ತಂದವನಿಗೆ ನಾಯಿಯ ಪಾಲು. ಉಳಿದದ್ದು ಮನೆಗಳಿಗೆ. ಎಲ್ಲ ಮುಗಿದ ಮೇಲೆ ಹಲಗೆಯವರು. "ನಾಯಿ ಪಾಲು ಮೊದ್ಲು ಕಣಪ್ಪ, ನಮ್ ಪಾಲು ಆಮ್ಯಾಗೆ." ಈ ಮಾತನ್ನು ಅಜ್ಜ ನಗುತ್ತಲೇ ಹೇಳುತ್ತಿದ್ದ. ನಾನು ಎಂ.ಎ. ಓದುವಾಗ ಚರಿತ್ರೆಯ ಪುಸ್ತಕಗಳಲ್ಲಿ ಬೇಟೆಯ ಪುಟಗಳು ಬಂದಾಗಲೆಲ್ಲ ಈ ಮಾತು ನೆನಪಾಗುತ್ತಿತ್ತು.

ಪ್ರಾಣಿಯನ್ನು ಪೊದೆಯಿಂದ ಎಬ್ಬಿಸಿ ಕೋವಿ ಇದ್ದ ಕಡೆಗೆ ಅಟ್ಟುವುದಕ್ಕೆ ಕನ್ನಡದಲ್ಲಿ 'ಸೋವುವುದು' ಎಂಬ ಹಳೆಯ ಮಾತಿದೆ. ನಮ್ಮ ಚರಿತ್ರೆಯಲ್ಲಿ ಹೊಡೆದವರಿದ್ದಾರೆ, ಹೊಡೆಸಿಕೊಂಡ ಪ್ರಾಣಿಗಳಿವೆ. ಸೋವಿದವರು ಇಲ್ಲ.

ಕೆಲವು ವರ್ಷದ ಹಿಂದೆ ಒಂದು ಕಾಲೇಜಿನ ವನ್ಯಜೀವಿ ಸಪ್ತಾಹದಲ್ಲಿ ಕೂತಿದ್ದೆ. ಭಾಷಣ ಮಾಡಿದವರು ಮೈಸೂರು ಅರಸರ ಶಿಕಾರಿಯ ಗತ್ತನ್ನು ಬಾಯಿತುಂಬ ಬಣ್ಣಿಸಿದರು. ಅದೇ ಬಾಯಲ್ಲಿ, ಈ ಬೇಡರು, ಹಕ್ಕಿಪಿಕ್ಕಿಗಳು ಇರೋ ತನಕ ಕಾಡು ಉಳಿಯೋದಿಲ್ಲ ಎಂದು ನಕ್ಕರು. ಸಭೆಯೂ ನಕ್ಕಿತು. ಹಿಂದಿನ ಬೆಂಚಿನಲ್ಲಿ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಹುಡುಗನೊಬ್ಬ ತಲೆ ತಗ್ಗಿಸಿ ಕೂತಿದ್ದ. ಕೊಲ್ಲುವುದು ಒಂದೇ ಕೆಲಸ. ಅದನ್ನು ಅರಸ ಮಾಡಿದರೆ ವಿನೋದ, ಸಾಹೇಬ ಮಾಡಿದರೆ ಶಿಕಾರಿ, ಬೇಡ ಮಾಡಿದರೆ ಕಳ್ಳಬೇಟೆ. ಈ ಮೂರು ಹೆಸರುಗಳು ಹೇಗೆ ಹುಟ್ಟಿದವು? ಬೇಟೆಯ ಚರಿತ್ರೆಯನ್ನು ಕೆದಕಿದರೆ ಅದರ ಅಡಿಯಲ್ಲಿ ಇನ್ನೊಂದು ಚರಿತ್ರೆ ಸಿಗುತ್ತದೆ: ಆಯುಧ ಯಾರ ಕೈಯಲ್ಲಿ ಇರಬೇಕು, ಯಾರ ಕೈಯಲ್ಲಿ ಇರಕೂಡದು ಎಂಬುದರ ಚರಿತ್ರೆ. ಈ ಲೇಖನ ಅದನ್ನು ದಾವಣಗೆರೆ-ಹರಿಹರದ ನೆಲದಲ್ಲಿ ನಿಂತು ಓದುವ ಒಂದು ಪ್ರಯತ್ನ.

2

ಬೇಟೆ ಮನರಂಜನೆಯಾದದ್ದು ಬ್ರಿಟಿಷರ ಕಾಲದಲ್ಲಿ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಬೇಟೆ 'ವಿನೋದ'ಗಳ ಪಟ್ಟಿಯಲ್ಲಿ ಬರುತ್ತದೆ. ಸಂಗೀತ, ಕುಸ್ತಿ, ಕೋಳಿಕಾಳಗಗಳ ಜೊತೆಯಲ್ಲಿ ಅದೂ ಒಂದು. ಅರಸನಿಗೆ ಹಸಿವಿಲ್ಲ, ಹೊಲವಿಲ್ಲ, ಹಂದಿಯಿಂದ ಕಾಯಬೇಕಾದ ಬೆಳೆಯಿಲ್ಲ. ಆದ್ದರಿಂದ ಅವನ ಬೇಟೆಗೆ ಕಾರಣವೂ ಬೇಕಿಲ್ಲ. ಕಾರಣವಿಲ್ಲದೆ ಕೊಲ್ಲುವ ಹಕ್ಕೇ ದೊಡ್ಡಸ್ತಿಕೆ. ಹೊಟ್ಟೆಗಾಗಿ ಕೊಲ್ಲುವವನು ಅದೇ ಕಾರಣಕ್ಕೆ ಕೀಳಾಗುತ್ತಾನೆ.

ಇದಕ್ಕಿಂತ ಹಳೆಯ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. 10ನೆಯ ಶತಮಾನದ ನಡುವಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನಿಂದ ಮಣಲೆರ ಎಂಬ ವೀರ ಕೇಳಿ ಪಡೆದ ನಾಯಿ 'ಕಾಳಿ'. ಅದು ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಪೂಜೆ ನಡೆಯಲೆಂದು ಭೂಮಿ ಬಿಟ್ಟರು. ನಾಯಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆ ಹಂದಿಯನ್ನು ಎಬ್ಬಿಸಿದವರು ಯಾರಾದರೂ ಇದ್ದಿರಲೇಬೇಕು. ಅವರಲ್ಲಿ ಎಷ್ಟು ಜನಕ್ಕೆ ಕೋರೆ ತಾಗಿತು ಎಂದು ಕಲ್ಲು ಹೇಳುವುದಿಲ್ಲ. ನಾಯಿಯ ಪಾಲು ಮೊದಲು ಎಂಬ ಅಜ್ಜನ ಮಾತಿಗೆ ಸಾವಿರ ವರ್ಷದ ಶಾಸನಾಧಾರ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಪುರಾಣ-ಕಾವ್ಯಗಳು. ಆದಿಕಾವ್ಯವೆನ್ನುವ ರಾಮಾಯಣ ಹುಟ್ಟುವುದೇ ಒಬ್ಬ ಬೇಟೆಗಾರನಿಗೆ ಕೊಟ್ಟ ಶಾಪದಿಂದ. ಕ್ರೌಂಚ ಪಕ್ಷಿಗಳ ಜೋಡಿಯಲ್ಲಿ ಒಂದನ್ನು ಹೊಡೆದ ನಿಷಾದನಿಗೆ ಮುಂದೆಂದೂ ನೆಲೆಯಿಲ್ಲದಂತಾಗಲಿ ಎಂದು ಋಷಿ ಶಪಿಸುತ್ತಾನೆ, ಆ ಶಾಪವೇ ಶ್ಲೋಕವಾಗುತ್ತದೆ. ನಿಷಾದ ಹಸಿವಿಗೆ ಹೊಡೆದನೇ, ಮಾರಲು ಹೊಡೆದನೇ, ಅವನ ಗುಡಿಸಲಲ್ಲಿ ಎಷ್ಟು ಮಕ್ಕಳಿದ್ದರು, ಕಾವ್ಯ ಕೇಳುವುದಿಲ್ಲ. ಅದೇ ಕಾವ್ಯದಲ್ಲಿ ದಶರಥನೂ ಬೇಟೆಗೆ ಹೋಗುತ್ತಾನೆ. ಕತ್ತಲಲ್ಲಿ ಸದ್ದು ಕೇಳಿ ಬಾಣ ಬಿಟ್ಟು, ಕುರುಡ ತಂದೆತಾಯಿಗೆ ನೀರು ತುಂಬಲು ಬಂದ ಹುಡುಗನನ್ನು ಕೊಲ್ಲುತ್ತಾನೆ. ಸಾಯುತ್ತಿರುವ ಹುಡುಗನೇ ಅರಸನಿಗೆ ಸಮಾಧಾನ ಹೇಳುತ್ತಾನೆ: ನಾನು ಬ್ರಾಹ್ಮಣನಲ್ಲ, ನನ್ನ ತಾಯಿ ಶೂದ್ರಳು, ನಿನಗೆ ಬ್ರಹ್ಮಹತ್ಯೆಯ ಭಯ ಬೇಡ. ಹಕ್ಕಿ ಹೊಡೆದ ನಿಷಾದನಿಗೆ ಕಾಲಕಾಲಕ್ಕೂ ಶಾಪ. ಮನುಷ್ಯನನ್ನು ಕೊಂದ ಅರಸನಿಗೂ ಶಾಪ ಸಿಗುತ್ತದೆ ನಿಜ, ಆದರೆ ಆ ಕತೆ ಓದಿದವರು ಮರುಗುವುದು ಹುಡುಗನಿಗೆಷ್ಟೋ ಅರಸನಿಗೂ ಅಷ್ಟೇ.

ಮಹಾಭಾರತದಲ್ಲೂ ಹೀಗೆಯೇ. ಏಕಲವ್ಯನ ವಿದ್ಯೆ ಬಯಲಾದದ್ದು ಹೇಗೆ? ಪಾಂಡವರು ಮೋಜಿನ ಬೇಟೆಗೆ ಬಂದರು, ಅವರ ನಾಯಿ ಕಾಡಿನಲ್ಲಿ ಅವನನ್ನು ಕಂಡು ಬೊಗಳಿತು, ಅವನು ಅದರ ಬಾಯಿಗೆ ಬಾಣ ತುಂಬಿದ. ಅಲ್ಲಿಗೆ ಹೆಬ್ಬೆರಳು ಹೋಯಿತು. ಕುವೆಂಪು 'ಬೆರಳ್‌ಗೆ ಕೊರಳ್' ಬರೆದು ಆ ಬೆರಳಿಗೆ ಲೆಕ್ಕ ಕೇಳಿದರು. ಕಾಳಹಸ್ತಿಯ ಕಣ್ಣಪ್ಪನ ಕತೆ ನಮ್ಮ ಜನಕ್ಕೆ ಇನ್ನೂ ಹತ್ತಿರದ್ದು. 1954ರಲ್ಲಿ 'ಬೇಡರ ಕಣ್ಣಪ್ಪ' ಸಿನಿಮಾ ಬಂದು ರಾಜ್‌ಕುಮಾರ್ ನಾಯಕನಟರಾದದ್ದು ಆ ಪಾತ್ರದಿಂದಲೇ. ಬೇಡ ಮಾಂಸದ ನೈವೇದ್ಯ ಕೊಟ್ಟಾಗ ಮೈಲಿಗೆಯವನು, ಕಣ್ಣು ಕಿತ್ತುಕೊಟ್ಟ ಮೇಲೆ ಭಕ್ತ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬೇಟೆಯವನಿಗೆ ಗೌರವ ಸಿಗುವುದು ಅವನು ಅಂಗ ಕಳೆದುಕೊಂಡ ಮೇಲೆ. ಅವನು ಕೊಡುವ ಅಂಗಗಳಾದರೂ ಯಾವುವು? ಒಬ್ಬ ಹೆಬ್ಬೆರಳು ಕೊಟ್ಟ, ಇನ್ನೊಬ್ಬ ಕಣ್ಣು ಕೊಟ್ಟ. ಗುರಿ ಇಡಲು ಬೇಕಾದವೇ ಈ ಎರಡು.

3

ಕತೆಯಲ್ಲಿ ಬೆರಳಿನಿಂದ ಆದದ್ದನ್ನು ಚರಿತ್ರೆಯಲ್ಲಿ ಕಾಯಿದೆ ಮಾಡಿತು. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಲೈಸನ್ಸ್ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ಅವರಿಗೆ ಕತ್ತಿ-ಕೋವಿಗಳು ಹೊಟ್ಟೆಯ ದಾರಿಯೂ ಹೌದು, ಮಾನವೂ ಹೌದು. ಅದೇ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಹಲಗಲಿಯ ಲಾವಣಿಯನ್ನು ನಮ್ಮ ಕಡೆ ಇವತ್ತಿಗೂ ಹಾಡುವವರಿದ್ದಾರೆ. ಫ್ಲೀಟ್ ಎಂಬ ಇಂಗ್ಲಿಷ್ ವಿದ್ವಾಂಸನೇ ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದ.

ಅದೇ ಕಾಯಿದೆಗೆ ಇನ್ನೊಂದು ಮುಖವಿತ್ತು. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರನ್ನು, ಅವರ ಸ್ವಾಮಿನಿಷ್ಠೆ ಮತ್ತು ಶೌರ್ಯವನ್ನು ಮೆಚ್ಚಿ, ಈ ಕಾಯಿದೆಯಿಂದ ಹೊರಗಿಟ್ಟ. ಆ ವಿನಾಯಿತಿ ರೂಪ ಬದಲಾಯಿಸುತ್ತ ಇವತ್ತಿನವರೆಗೂ ಬಂದಿದೆ. 1959ರ ಆಯುಧ ಕಾಯಿದೆಯ ಅಡಿಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸನ್ಸ್ ಬೇಡ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೊಡವರ ಕೋವಿಯನ್ನು ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಅದು ಅವರ ಹುಟ್ಟು-ಸಾವುಗಳ ಜೊತೆ ಬೆಸೆದುಕೊಂಡದ್ದು. ನನ್ನ ಪ್ರಶ್ನೆ ಬೇರೆ. ಕೋವಿ ಸಂಸ್ಕೃತಿಯಾಗುವುದು ಯಾವಾಗ, ಅಪರಾಧವಾಗುವುದು ಯಾವಾಗ? ಹಲಗಲಿಯ ಬೇಡನಿಗೂ ಆಯುಧ ಸಂಸ್ಕೃತಿಯೇ ಆಗಿತ್ತು. ಅವನಿಗೆ ನೇಣಾಯಿತು. ವ್ಯತ್ಯಾಸ ಇದ್ದದ್ದು ಎರಡರಲ್ಲಿ: ಭೂಮಿಯಲ್ಲಿ ಮತ್ತು ಆಳುವವರ ಭರವಸೆಯಲ್ಲಿ. ಜಮ್ಮಾ ಎಂದರೆ ಭೂಮಿಯ ಹಕ್ಕು. ಅದೇ ಕೊಡಗಿನ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದ ಯರವರಿಗೆ ಆ ಭೂಮಿಯೂ ಇರಲಿಲ್ಲ, ಆ ವಿನಾಯಿತಿಯೂ ಇರಲಿಲ್ಲ.

ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಈ ಗಂಟನ್ನು ಬಿಚ್ಚಿದ್ದಾರೆ. ಈ ದೇಶದಲ್ಲಿ ಕೆಳಗಿನವರು ಯಾಕೆ ದಂಗೆ ಏಳಲಿಲ್ಲ ಎಂಬುದಕ್ಕೆ ಅವರು ಕೊಡುವ ಉತ್ತರಗಳಲ್ಲಿ ಮುಖ್ಯವಾದದ್ದು, ಚಾತುರ್ವರ್ಣ್ಯ ಅವರ ಕೈಗೆ ಆಯುಧ ಕೊಡಲಿಲ್ಲ ಎಂಬುದು. ಇದನ್ನು ಬರೆದವರು ಸುಬೇದಾರನ ಮಗ. 19ನೆಯ ಶತಮಾನದ ಕೊನೆಗೆ ಮಹಾರರನ್ನು ಸೈನ್ಯಕ್ಕೆ ತೆಗೆದುಕೊಳ್ಳುವುದನ್ನೇ ಬ್ರಿಟಿಷರು ನಿಲ್ಲಿಸಿದ್ದನ್ನು ಮನೆಯೊಳಗಿಂದ ಕಂಡವರು. ನಮ್ಮ ಪಕ್ಕದ ಚಿತ್ರದುರ್ಗದ ಓಬವ್ವನನ್ನು ನೆನೆಯೋಣ. ಕೋಟೆ ಕಾಯುವ ಮನೆಯವಳು, ಹೊಲೆಯರ ಹೆಣ್ಣುಮಗಳು. ವೈರಿ ಕಿಂಡಿಯಲ್ಲಿ ತೂರಿದಾಗ ಅವಳ ಕೈಗೆ ಸಿಕ್ಕಿದ್ದು ಒನಕೆ. ನಾವು ಒನಕೆಯನ್ನು ಹಾಡಿ ಹೊಗಳುತ್ತೇವೆ, 2021ರಿಂದ ಸರ್ಕಾರವೇ ಜಯಂತಿ ಮಾಡುತ್ತಿದೆ. ಅವಳ ಕೈಗೆ ಒನಕೆಯೇ ಯಾಕೆ ಸಿಕ್ಕಿತು ಎಂದು ಯಾರೂ ಕೇಳಲಿಲ್ಲ.

4

ಈಗ ಹೊಳೆಯ ದಂಡೆಗೆ ಬರೋಣ. ರಾಜ್ಯಗಳ ಪುನರ್ವಿಂಗಡಣೆ ಆದ 1956ರವರೆಗೆ ಹರಿಹರದ ತುಂಗಭದ್ರೆ ಒಂದು ಗಡಿ. ಈಚೆ ಮೈಸೂರು ಸಂಸ್ಥಾನ, ಆಚೆ ರಾಣೆಬೆನ್ನೂರಿನ ಕಡೆ ಮುಂಬಯಿ. 1865ರವರೆಗೆ ಹರಿಹರದ ಹತ್ತಿರವೇ ಸೈನ್ಯದ ದಂಡು ಇತ್ತು. ಈ ಎರಡು ದಡಗಳಲ್ಲಿ ಬೇಟೆಯವರಿಗೆ ಎರಡು ಬಗೆಯ ಬೇಲಿ ಬಿದ್ದವು.

ಈಚೆ ದಡದಲ್ಲಿ ಬಿದ್ದದ್ದು ಲೈಸನ್ಸಿನ ಬೇಲಿ. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ಕಾಯಿದೆ ಮಾಡಿತು. ಇಂಥ ಕಾಯಿದೆಗಳ ಭಾಷೆಯನ್ನು ನೋಡಬೇಕು. ಕಾಡಿನ ಜೀವಿ ಅಲ್ಲಿ 'ಆಟದ ಪ್ರಾಣಿ'ಯಾಗುತ್ತದೆ. ಆಟ ಎಂದ ಮೇಲೆ ನಿಯಮ ಬೇಕು. ಋತು, ಲೈಸನ್ಸು, ಕೋವಿ ಇದ್ದವನು ಆಟಗಾರ. ಬಲೆ, ಉರುಲು, ಗುಂಡಿ ಇಟ್ಟವನು ಮೋಸಗಾರ. ಬಡವನ ಕೈಲಿದ್ದ ಸಾಧನಗಳೆಲ್ಲ ಒಂದೇ ಏಟಿಗೆ ಅನೀತಿಯವಾದವು. ಮೈಸೂರು ಅರಸರು ಶಿಕಾರಿಗೆ ಕಾಯ್ದಿಟ್ಟ ಕಾಡೇ ಮುಂದೆ ಬಂಡೀಪುರದ ಅಭಯಾರಣ್ಯವಾಯಿತು. ಹುಲಿ ಉಳಿದದ್ದು ಒಳ್ಳೆಯದೇ. ಆದರೆ ಕಾಡು ಕಾಪಾಡಿದ ಕೀರ್ತಿ ಕೊಂದವರ ಹೆಸರಿಗೆ ಬರೆದು, ಕಾಡಲ್ಲಿ ಬದುಕಿದವರನ್ನು ಹೊರಗೆ ಹಾಕಿದ್ದನ್ನು ಒಳ್ಳೆಯದೆನ್ನಲು ಬರುವುದಿಲ್ಲ.

ಆಚೆ ದಡದ ಬೇಲಿ ನಿಜವಾದ ಮುಳ್ಳುತಂತಿ. 1871ರಲ್ಲಿ ಹುಟ್ಟಿ 1911ರಲ್ಲಿ ಮುಂಬಯಿ, ಮದ್ರಾಸುಗಳಿಗೂ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ಹರಣಶಿಕಾರಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆಯಿತು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರಿನ ಜಾಗಗಳು ಈಗಲೂ ಇವೆ. 1952ರಲ್ಲಿ ಕಾಯಿದೆ ಹೋಯಿತು, ಹೆಸರು ಹೋಗಲಿಲ್ಲ. ಹರಣವೆಂದರೆ ಜಿಂಕೆ, ಶಿಕಾರಿಯೆಂದರೆ ಬೇಟೆಗಾರ. ಸಾಹೇಬನೂ ಶಿಕಾರಿ, ಇವನೂ ಶಿಕಾರಿ. ಸಾಹೇಬ ಜಿಂಕೆಯ ಕೊಂಬನ್ನು ಗೋಡೆಗೆ ಹೊಡೆದು ಪಕ್ಕದಲ್ಲಿ ಕೂತ. ಇವನು ಪೊಲೀಸರಿಗೆ ಹಾಜರಿ ಕೊಡುತ್ತಾ ನಿಂತ.

ಸಾಹೇಬರ ಶಿಕಾರಿ ಪುಸ್ತಕಗಳನ್ನು ನಾವೆಲ್ಲ ಓದಿ ಬೆಳೆದವರು. ತೇಜಸ್ವಿಯವರು 90ರ ದಶಕದಲ್ಲಿ 'ಕಾಡಿನ ಕತೆಗಳು' ಮಾಲೆಯಲ್ಲಿ ಕೆನೆತ್ ಆ್ಯಂಡರ್ಸನ್‌ನನ್ನು ಕನ್ನಡಕ್ಕೆ ತಂದ ಮೇಲೆ ಆತ ನಮ್ಮ ಮನೆಯವನೇ ಆಗಿಬಿಟ್ಟ. 1954ರ ಅವನ ಮೊದಲ ಪುಸ್ತಕದಲ್ಲಿ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕನ ಕತೆ ಇದೆ. ದಾವಣಗೆರೆಯಿಂದ ಹೊಳಲ್ಕೆರೆ ಎಷ್ಟು ದೂರ? 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವ ತನಕ ಎಲ್ಲ ಒಂದೇ ಚಿತ್ರದುರ್ಗ. ಆ್ಯಂಡರ್ಸನ್ ಇತರ ಸಾಹೇಬರ ಹಾಗಲ್ಲ, ಬೈರ ಎಂಬ ಕಾಡಿನ ಕಳ್ಳಬೇಟೆಗಾರನನ್ನು ಗೆಳೆಯನೆಂದು, ಗುರುವೆಂದು ಬರೆದುಕೊಂಡವನು. ಆದರೂ ಆ ಕತೆಗಳನ್ನು ಕೇರಿಯಲ್ಲಿ ಕೂತು ಓದಿದರೆ ಬೇರೆಯೇ ಕಾಣುತ್ತದೆ. ಅಲ್ಲಿ ಹುಲಿಯ ಬಾಯಿಗೆ ಬೀಳುವವರು ದನ ಕಾಯುವವರು, ಸೌದೆಗೆ ಹೋದ ಹೆಂಗಸರು, ಗಾಡಿ ಹೊಡೆಯುವವರು. ಹೆಜ್ಜೆ ಗುರುತು ಹಿಡಿಯುವವರು, ಮಚಾನು ಕಟ್ಟುವವರು ಅವರ ನೆಂಟರು. ಕೊನೆಯ ಗುಂಡು ಮಾತ್ರ ಸಾಹೇಬನದು. ಭಯವೆಲ್ಲ ಒಬ್ಬರದು, ಕತೆಯೆಲ್ಲ ಇನ್ನೊಬ್ಬರದು.

ಕನ್ನಡದ್ದೇ ಬರಹದಲ್ಲಿ ಇದಕ್ಕೆ ಒಂದು ಅಪವಾದ ಹೇಳಬೇಕು. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ. ಜೀತದ ಆಳಿನ ನಾಯಿಗೆ ಹೆಸರಿದೆ, ಆಳಿಗೂ ಹೆಸರಿದೆ. ಆದರೆ ಆ ಹೆಸರು ಕೂಡ ನಾಯಿಯಿಂದ ಬಂದದ್ದು ಎಂಬುದನ್ನು ಮರೆಯುವಂತಿಲ್ಲ.

5

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದು ಬರದಿದ್ದರೆ ಇವತ್ತು ಹುಲಿ, ಕೃಷ್ಣಮೃಗಗಳನ್ನು ಚಿತ್ರದಲ್ಲಿ ನೋಡಬೇಕಿತ್ತು, ಆ ಬಗ್ಗೆ ನನಗೆ ಅನುಮಾನವಿಲ್ಲ. 1974ರಲ್ಲಿ ಹರಿಹರದ ಎದುರು ದಡದಾಚೆ ರಾಣೆಬೆನ್ನೂರಿನಲ್ಲಿ ಸುಮಾರು 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು. 2011ರಲ್ಲಿ ನಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ಧಾಮವಾಯಿತು. ಅಜ್ಜ ಹಲಗೆ ಬಡಿದ ಸೀಮೆಯೇ ಅದು.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ 1972ರ ಕಾಯಿದೆ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ಕೆಲವು ಪ್ರಾಣಿಗಳನ್ನು ಲೈಸನ್ಸ್ ಪಡೆದು ಬೇಟೆಯಾಡಲು ಅವಕಾಶವಿತ್ತು. ಕೋವಿಯ ಲೈಸನ್ಸು, ಬೇಟೆಯ ಲೈಸನ್ಸು, ಅದರ ಶುಲ್ಕ, ಅದಕ್ಕೆ ಬೇಕಾದ ಓದು-ಬರಹ ಇದ್ದವರು ಸುಮಾರು ಇಪ್ಪತ್ತು ವರ್ಷ ಕಾನೂನಿನ ಪ್ರಕಾರ ಬೇಟೆಗಾರರಾಗಿಯೇ ಇದ್ದರು. ಇಲ್ಲದವರು ಮೊದಲ ದಿನದಿಂದಲೇ ಕಳ್ಳರಾದರು. 1991ರ ತಿದ್ದುಪಡಿ ಆ ಲೈಸನ್ಸುಗಳನ್ನು ರದ್ದು ಮಾಡಿತು. ಅದೇ 1991ರಲ್ಲಿ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಹೆಸರಿನ ಜೊತೆ ಬೇಡ, ಬೇಡರ, ವಾಲ್ಮೀಕಿ ಎಂಬ ಹೆಸರುಗಳನ್ನು ಸೇರಿಸಿತು. ಬೇಡ ಎಂಬ ಹೆಸರನ್ನು ಕಾನೂನು ಒಪ್ಪಿಕೊಂಡ ವರ್ಷವೇ ಆ ಹೆಸರಿನ ಕಸುಬು ಕಾನೂನಿನಿಂದ ಪೂರ್ತಿ ಹೊರಗಾಯಿತು. ಎರಡೂ ಬೇಕಿದ್ದವು. ಆದರೆ ಕಸುಬು ಕಳೆದುಕೊಂಡವರಿಗೆ ಭೂಮಿ ಎಲ್ಲಿ ಎಂದು ಎರಡು ಕಾಯಿದೆಗಳಲ್ಲಿ ಒಂದೂ ಕೇಳಲಿಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಕ್ಕಿಪಿಕ್ಕಿಗಳು ಸಾಕ್ಷಿ. ಹಕ್ಕಿ ಹಿಡಿಯುವುದು, ಸಣ್ಣ ಬೇಟೆ, ಊರೂರು ತಿರುಗಿ ಮಾರುವುದು ಅವರ ಬದುಕಾಗಿತ್ತು. ಅದು ನಿಂತ ಮೇಲೆ ಕಾಡಿನ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರುತ್ತ ಆಫ್ರಿಕದ ದೇಶಗಳವರೆಗೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಹುಣಸೂರು, ಶಿವಮೊಗ್ಗ, ನಮ್ಮ ಚನ್ನಗಿರಿಯ ಕಡೆಯ ಹಕ್ಕಿಪಿಕ್ಕಿಗಳಿದ್ದರು. ಸರ್ಕಾರ ಅವರನ್ನು ಕರೆತಂದಿತು. ಆಗ ಪತ್ರಿಕೆಗಳಿಗೆಲ್ಲ ಆಶ್ಚರ್ಯ: ಇವರು ಅಲ್ಲಿಗೆ ಯಾಕೆ ಹೋದರು? ಇಲ್ಲಿ ಏನಿತ್ತು ಎಂದು ಕೇಳಿದವರು ಕಡಿಮೆ.

ಇನ್ನೊಂದು ಕಡೆ ನೋಡಿ. 1998ರಲ್ಲಿ ರಾಜಸ್ಥಾನದ ಜೋಧಪುರದ ಹತ್ತಿರ ಕೃಷ್ಣಮೃಗ ಕೊಂದ ಮೊಕದ್ದಮೆಯಲ್ಲಿ ಸಿನಿಮಾ ನಟ ಸಲ್ಮಾನ್ ಖಾನ್‌ಗೆ 2018ರಲ್ಲಿ ಐದು ವರ್ಷದ ಶಿಕ್ಷೆಯಾಯಿತು, ಎರಡು ದಿನ ಕಳೆಯುವಷ್ಟರಲ್ಲಿ ಜಾಮೀನಾಯಿತು. ಜಾಮೀನು ಅವನ ಹಕ್ಕು, ತಕರಾರಿಲ್ಲ. ನಾವು ಕಾಣಬೇಕಾದದ್ದು ಜನರ ಮನಸ್ಸನ್ನು. ಇಪ್ಪತ್ತು ವರ್ಷ ನಡೆದ ಮೊಕದ್ದಮೆಯಲ್ಲಿ ಅವನ ಜಾತಿಯನ್ನಾಗಲಿ ಕುಲಕಸುಬನ್ನಾಗಲಿ ಯಾರೂ ದೂಷಿಸಲಿಲ್ಲ. ತಪ್ಪು ಒಬ್ಬ ಮನುಷ್ಯನದಾಗಿ ಉಳಿಯಿತು. ಹಕ್ಕಿಪಿಕ್ಕಿಯವನೊಬ್ಬ ಒಂದು ಗೌಜಲಕ್ಕಿ ಹಿಡಿದು ಸಿಕ್ಕಿಬಿದ್ದರೆ ಅದು ಕುಲದ ತಪ್ಪಾಗುತ್ತದೆ, ವನ್ಯಜೀವಿ ಸಪ್ತಾಹದ ನಗೆಯಾಗುತ್ತದೆ.

6

ಹಾಗಾದರೆ ಈ ಜನಕ್ಕೆ ಬೇಕಾದ್ದೇನು? ಮತ್ತೆ ಬೇಟೆಯೇ? ಅಲ್ಲವೇ ಅಲ್ಲ. ಬೇಟೆಯನ್ನು ಸಂಸ್ಕೃತಿಯ ಹೆಸರಲ್ಲಿ ವಾಪಸ್ ತರಬೇಕೆನ್ನುವವರ ಜೊತೆ ನಾನಿಲ್ಲ. ಅಜ್ಜನ ತೊಡೆಯ ಕಲೆ ನೋಡಿದವನಿಗೆ ಆ ಮೋಹ ಬರಲಾರದು. ಬೇಟೆ ನಿಂತಾಗ ಬಾಕಿ ಉಳಿದ ಲೆಕ್ಕಗಳ ಬಗ್ಗೆ ನಾನು ಹೇಳುತ್ತಿದ್ದೇನೆ.

ಮೊದಲನೆಯದು ಬೆಳೆ. ದಾವಣಗೆರೆ ಮೆಕ್ಕೆಜೋಳದ ಜಿಲ್ಲೆ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಯ ಹಿಂಡು ಬಂದರೆ ಒಂದು ರಾತ್ರಿಯಲ್ಲಿ ಎಕರೆ ನೆಲಸಮ. ಕಾಯಿದೆಯ 11ನೆಯ ಕಲಮಿನಲ್ಲಿ ಬೆಳೆ ಹಾಳುಮಾಡುವ ಪ್ರಾಣಿಯನ್ನು ಅಪ್ಪಣೆ ಪಡೆದು ಕೊಲ್ಲಲು ದಾರಿಯಿದೆ. ಕೇರಳ 2022ರಲ್ಲಿ ಆ ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರವರೆಗೆ ಇಳಿಸಿತು. ಆದರೆ ಅಪ್ಪಣೆ ಸಿಕ್ಕರೂ ಹೊಡೆಯುವವನಿಗೆ ಲೈಸನ್ಸಿನ ಕೋವಿ ಬೇಕು. ನಮ್ಮ ಕೇರಿಗಳಲ್ಲಿ ಅದು ಯಾರ ಹತ್ತಿರ ಇದೆ? ಪರಿಹಾರ ಕೇಳೋಣವೆಂದರೆ ಪಹಣಿ ಕೇಳುತ್ತಾರೆ. ಬಗರ್‌ಹುಕುಂ ಮಾಡಿದವರಿಗೆ, ಕೋರಿಗೆ ಮಾಡಿದವರಿಗೆ ಪಹಣಿ ಎಲ್ಲಿಂದ ಬರಬೇಕು? ಹಂದಿ ತಿಂದದ್ದು ಇವರ ಬೆವರು, ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕತ್ತಲಲ್ಲಿ ಡಬ್ಬ ಬಡಿಯುತ್ತಾ ಹೊಲ ಕಾಯುವವರು ಮಾತ್ರ ಹಳಬರೇ. ಹಲಗೆ ಹೋಗಿ ಡಬ್ಬ ಬಂದಿದೆ, ಅಷ್ಟೇ.

ಎರಡನೆಯದು ಆತ್ಮರಕ್ಷಣೆ. 1989ರ ದೌರ್ಜನ್ಯ ತಡೆ ಕಾಯಿದೆಗೆ 1995ರಲ್ಲಿ ನಿಯಮಗಳು ಬಂದವು. ದೌರ್ಜನ್ಯ ನಡೆಯಬಹುದಾದ ಪ್ರದೇಶಗಳಲ್ಲಿ ಪರಿಶಿಷ್ಟರಲ್ಲದವರ ಆಯುಧ ಲೈಸನ್ಸುಗಳನ್ನು ರದ್ದು ಮಾಡಬಹುದು, ಅಗತ್ಯ ಕಂಡರೆ ಪರಿಶಿಷ್ಟರಿಗೆ ಲೈಸನ್ಸ್ ಕೊಡಬಹುದು ಎಂದು ಮೂರನೆಯ ನಿಯಮ ಹೇಳುತ್ತದೆ. ಗೆಳೆಯರೇ, ಇದನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಕೋವಿ ಹಿಡಿಯಿರಿ ಎಂದು ಕರೆ ಕೊಡಲು ಇದನ್ನು ಎತ್ತುತ್ತಿಲ್ಲ. ಕಾನೂನು ಒಂದು ಸಾಲಿನಲ್ಲಿ ಒಪ್ಪಿಕೊಂಡದ್ದನ್ನು ಸಮಾಜದ ಮನಸ್ಸು ಊಹಿಸಿಕೊಳ್ಳಲೂ ಹೆದರುತ್ತದೆ ಎಂದು ತೋರಿಸಲು ಎತ್ತುತ್ತಿದ್ದೇನೆ. ಗೌಡರ ಮನೆಯ ಗೋಡೆಯ ಮೇಲಿನ ಕೋವಿ ಅಲಂಕಾರ. ಅದೇ ಕೋವಿ ಕೇರಿಯ ಗುಡಿಸಲ ಗಳಕ್ಕೆ ತೂಗಿದ್ದರೆ?

ಮೂರನೆಯದು ಆಟ. ಪ್ರಾಣಿಯನ್ನು ಕೊಲ್ಲದೆ ಗುರಿ ಇಡುವ ವಿದ್ಯೆ ಇವತ್ತು ಗೌರವದ ಕ್ರೀಡೆ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರು. ಅವರಿಗೆ ಮನೆಯಲ್ಲೇ ಶೂಟಿಂಗ್ ರೇಂಜ್ ಇತ್ತು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್, ಸ್ವಪ್ನಿಲ್ ಕುಸಾಳೆ ಪದಕ ತಂದರು. ಸಂತೋಷವೇ. ಆದರೆ ಸ್ಪರ್ಧೆಯ ರೈಫಲ್ಲಿಗೆ ಲಕ್ಷಗಟ್ಟಲೆ ಹಣ ಬೇಕು, ದಿನಾ ಸುಡಲು ಗುಂಡು ಬೇಕು. ನನ್ನ ತರಗತಿಯ ಎನ್.ಸಿ.ಸಿ. ಹುಡುಗಿಯೊಬ್ಬಳು ಕ್ಯಾಂಪಿನಲ್ಲಿ ಮೊದಲ ಸಲ ರೈಫಲ್ ಹಿಡಿದು ಐದು ಗುಂಡುಗಳನ್ನು ಅಂಗೈಯಗಲದೊಳಗೆ ಕೂರಿಸಿದಳು. ಹರಿಹರ ತಾಲ್ಲೂಕಿನ ಕೂಲಿಯವರ ಮಗಳು. "ಸಾರ್, ಇನ್ನ ಮುಂದೆ ಎಲ್ಲಿ ಕಲೀಬೇಕು?" ಎಂದು ಬಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳ ಕ್ಯಾಂಪು ಹತ್ತು ದಿನಕ್ಕೆ ಮುಗಿಯಿತು, ಗುರಿಯೂ ಅಲ್ಲಿಗೇ ಮುಗಿಯಿತು.

ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಕಾಡಿನಲ್ಲಿ ಬಿದಿರು ಬಿಲ್ಲು ಹಿಡಿದು ಬೆಳೆದವನು. 80ರ ದಶಕದಲ್ಲಿ ಸರ್ಕಾರದ ಕ್ರೀಡಾ ಯೋಜನೆಯೊಂದು ಅವನನ್ನು ಹುಡುಕಿ ತರಬೇತಿ ಕೊಟ್ಟಿದ್ದರಿಂದ 1988, 1992, 1996 ಮೂರು ಒಲಿಂಪಿಕ್ಸ್‌ಗಳಲ್ಲಿ ಬಿಲ್ಲು ಹಿಡಿದ. ಹುಡುಕಿದರೆ ಸಿಗುತ್ತಾರೆ ಎಂಬುದಕ್ಕೆ ಅವನು ಪುರಾವೆ. ನಮ್ಮ ದೇಶದಲ್ಲಿ ಒಳ್ಳೆಯ ತರಬೇತುದಾರನಿಗೆ ಕೊಡುವ ಪ್ರಶಸ್ತಿಯ ಹೆಸರು ದ್ರೋಣಾಚಾರ್ಯ. ಕರ್ನಾಟಕದಲ್ಲಿ ಒಳ್ಳೆಯ ಆಟಗಾರನಿಗೆ ಕೊಡುವ ಪ್ರಶಸ್ತಿಯ ಹೆಸರು ಏಕಲವ್ಯ. ಇಬ್ಬರ ನಡುವೆ ಏನು ನಡೆಯಿತು ಎಂಬುದನ್ನು ಪ್ರಶಸ್ತಿ ಪತ್ರದಲ್ಲಿ ಬರೆಯುವುದಿಲ್ಲ.

7

ಕೊನೆಯದಾಗಿ ನಮ್ಮ ನಮ್ಮೊಳಗಿನ ಮಾತು. ಹರಿಹರ ತಾಲ್ಲೂಕಿನಲ್ಲೇ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠ ಇದೆ. 2019ರಲ್ಲಿ ಮೀಸಲಾತಿ ಹೆಚ್ಚಳಕ್ಕಾಗಿ ಅಲ್ಲಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಮುಂದೆ ಪರಿಶಿಷ್ಟ ಪಂಗಡದ ಮೀಸಲಾತಿ ಶೇಕಡ 3ರಿಂದ 7ಕ್ಕೆ, ಪರಿಶಿಷ್ಟ ಜಾತಿಯದು 15ರಿಂದ 17ಕ್ಕೆ ಏರಿತು. ಅದೇ ಹರಿಹರ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿದ ಊರು. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿ, 1997ರಲ್ಲಿ ತೀರಿಕೊಳ್ಳುವ ತನಕ ಭೂಮಿಯ ಪ್ರಶ್ನೆಯನ್ನು ಬಿಡದೆ ಕೇಳಿದವರು. ಒಂದು ತಾಲ್ಲೂಕಿನೊಳಗೆ ಬೇಟೆಯವರ ಪೀಠವೂ ಇದೆ, ಹಲಗೆಯವರ ನಾಯಕನ ನೆನಪೂ ಇದೆ. ಇವೆರಡರ ನಡುವಿನ ದೂರ ಎಷ್ಟು ಎಂದು ನಾವು ಮುಲಾಜಿಲ್ಲದೆ ಕೇಳಿಕೊಳ್ಳಬೇಕು.

ಊರ ಬೇಟೆಯಲ್ಲಿ ಬೇಡನೂ ಹಲಗೆಯವನೂ ಒಂದೇ ಕಾಡಿಗೆ ಹೋದರು, ಒಂದೇ ಪಂಕ್ತಿಯಲ್ಲಿ ಕೂರಲಿಲ್ಲ. ಇವತ್ತು ಒಬ್ಬರು ಬಿಲ್ಲು ಹಿಡಿದ ಅರಸನ ಪ್ರತಿಮೆ ನಿಲ್ಲಿಸುತ್ತಾರೆ. ಅದು ಅವರ ಹಕ್ಕು, ಕಳೆದುಕೊಂಡ ಮಾನವನ್ನು ಕಲ್ಲಿನಲ್ಲಾದರೂ ಪಡೆಯುವ ದಾರಿ. ಆದರೆ ಅರಸನ ಬಿಲ್ಲು ಅರಸೊತ್ತಿಗೆಯ ಬಿಲ್ಲೂ ಆಗಿತ್ತು. ಹಲಗಲಿಯ ಬೇಡರು ಅರಸರಲ್ಲ, ಅವರಿಗೆ ಎಷ್ಟು ಪ್ರತಿಮೆಗಳಿವೆ? ನಮ್ಮವರಿಗೂ ಇದೇ ಮಾತು. ಹಲಗೆ ನಮ್ಮ ಅಸ್ಮಿತೆ ಎಂದು ವೇದಿಕೆಯ ಮೇಲೆ ಬಡಿಯುತ್ತೇವೆ. ಆ ಹಲಗೆ ಯಾರ ಗುಂಡಿಗೆ ಯಾವ ಪ್ರಾಣಿಯನ್ನು ಸೋವಿ ಕೊಟ್ಟಿತು ಎಂಬುದನ್ನೂ ಹೇಳದೆ ಹೋದರೆ ಅದು ಬರೀ ಸದ್ದು. ದಲಿತ ವಿಮರ್ಶೆ ಬೇಟೆಗಾರನ ವೈಭವವನ್ನು ಎರವಲು ತರಬೇಕಿಲ್ಲ. ಪೊದೆಯೊಳಗೆ ಹಲಗೆ ಹಿಡಿದು ನಿಂತವನ ಜಾಗದಿಂದ ಕಾವ್ಯವನ್ನೂ ಶಾಸನವನ್ನೂ ಕಾಯಿದೆಯನ್ನೂ ಓದುವುದೇ ಅದರ ಕೆಲಸ. ಅಲ್ಲಿಂದ ಪ್ರಾಣಿಯ ಭಯವೂ ಕಾಣುತ್ತದೆ, ಕೋವಿಯ ಮೂತಿಯೂ ಕಾಣುತ್ತದೆ.

ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಕೋರಿಕೆ. ಜಗಳೂರು, ಹರಿಹರ, ಚನ್ನಗಿರಿ, ಹೊನ್ನಾಳಿಯ ಹಳ್ಳಿಗಳಲ್ಲಿ ಸೋವಲು ಹೋದ ಕೊನೆಯ ತಲೆಮಾರಿನವರು ಇನ್ನೂ ಕೆಲವರು ಇದ್ದಾರೆ. ಅವರಿಗೆ ಎಂಬತ್ತು ದಾಟಿದೆ. ರಜೆಯಲ್ಲಿ ಊರಿಗೆ ಹೋದಾಗ ಅವರ ಹತ್ತಿರ ಕೂತು ಮೂರು ಪ್ರಶ್ನೆ ಕೇಳಿ ಬರೆದುಕೊಂಡು ಬನ್ನಿ: ಯಾರು ಯಾರು ಸೋವಲು ಹೋಗುತ್ತಿದ್ದರು, ಯಾರಿಗೆ ಏಟಾಯಿತು, ಪಾಲು ಹೇಗೆ ಹಂಚಿದರು. ಹೆಸರುಗಳನ್ನು ಬಿಡದೆ ಬರೆಯಿರಿ. ನಮ್ಮಜ್ಜನ ಹತ್ತಿರ ನಾನು ಇದನ್ನೆಲ್ಲ ಕೇಳುವಷ್ಟು ಬುದ್ಧಿ ಬರುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ. ಅವನ ಜೊತೆ ಪೊದೆಗೆ ನುಗ್ಗಿದವರು ಏಳು ಜನ ಎಂದು ಹೇಳಿದ್ದು ನೆನಪಿದೆ. ಅವರಲ್ಲಿ ಇಬ್ಬರ ಹೆಸರು ಮಾತ್ರ ನನಗೆ ಗೊತ್ತು.